ಎನ್.ಡಿ.ಪಿ.ಎಸ್. ಕಾಯ್ದೆ, 1985: ವ್ಯಸನಿಗಳಿಗೆ ಶಿಕ್ಷೆಯ ಬದಲಾಗಿ ಚಿಕಿತ್ಸೆಯ ಅವಕಾಶ

ಪೀಠಿಕೆ

ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ಪದಾರ್ಥಗಳ ಕಾಯ್ದೆಯು ದಿನಾಂಕ 14-11-1985ರಿಂದ ಜಾರಿಯಲ್ಲಿದೆ. ಸದರಿ ಕಾಯ್ದೆಯು ಕಠಿಣ ಶಿಕ್ಷೆಗಳನ್ನು ನಿಗದಿಪಡಿಸಿರುವುದರ ಜೊತೆಗೆ, ವ್ಯಸನಕ್ಕೆ ಒಳಗಾದವರು ಚಿಕಿತ್ಸೆ ಪಡೆಯಲು ಅವಕಾಶವನ್ನೂ ಕಲ್ಪಿಸಿದೆ. ಮಾಹಿತಿಯ ಕೊರತೆಯಿಂದ ಈ ಅವಕಾಶವು ಕೈತಪ್ಪದಿರಲೆಂದು ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಪ್ರಮಾಣ ಮತ್ತು ಶಿಕ್ಷೆ

2001ರ ತಿದ್ದುಪಡಿಯ ನಂತರ ಶಿಕ್ಷೆಯು ಪದಾರ್ಥದ ಪ್ರಮಾಣವನ್ನು ಅವಲಂಬಿಸಿರುತ್ತದೆ. ಉದಾಹರಣೆಗೆ, ಗಾಂಜಾ ಹೊಂದಿದ್ದಲ್ಲಿ:

1. ಅಲ್ಪ ಪ್ರಮಾಣ (1 ಕಿ.ಗ್ರಾಂ.ವರೆಗೆ): 1 ವರ್ಷದವರೆಗೆ ಕಠಿಣ ಕಾರಾವಾಸ ಅಥವಾ ರೂ. 10,000ದವರೆಗೆ ಜುಲ್ಮಾನೆ ಅಥವಾ ಎರಡೂ.
2. ಮಧ್ಯಮ ಪ್ರಮಾಣ: 10 ವರ್ಷಗಳವರೆಗೆ ಕಠಿಣ ಕಾರಾವಾಸ ಮತ್ತು ರೂ. 1 ಲಕ್ಷದವರೆಗೆ ಜುಲ್ಮಾನೆ.
3. ವಾಣಿಜ್ಯ ಪ್ರಮಾಣ (20 ಕಿ.ಗ್ರಾಂ. ಮೇಲ್ಪಟ್ಟು): 10ರಿಂದ 20 ವರ್ಷಗಳ ಕಠಿಣ ಕಾರಾವಾಸ ಮತ್ತು ರೂ. 1 ಲಕ್ಷಕ್ಕೆ ಕಡಿಮೆಯಿಲ್ಲದ ಜುಲ್ಮಾನೆ.

ಹೆರಾಯಿನ್‌ಗೆ ಅಲ್ಪ ಪ್ರಮಾಣದ ಮಿತಿಯು ಕೇವಲ 5 ಗ್ರಾಂ ಆಗಿರುತ್ತದೆ. ಮಿಶ್ರಣವಿದ್ದಲ್ಲಿ ಕಲಬೆರಕೆ ಪದಾರ್ಥವೂ ಸೇರಿದಂತೆ ಒಟ್ಟು ತೂಕವನ್ನೇ ಪರಿಗಣಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪು ನೀಡಿದೆ.

ಸೇವನೆಯೂ ಅಪರಾಧವಾಗಿದ್ದು, ಕಲಂ 27ರನ್ವಯ ಪದಾರ್ಥಕ್ಕೆ ಅನುಗುಣವಾಗಿ 6 ತಿಂಗಳು ಅಥವಾ 1 ವರ್ಷದವರೆಗೆ ಕಾರಾವಾಸ ಅಥವಾ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಚಿಕಿತ್ಸೆಯ ಅವಕಾಶಗಳು

ಕಲಂ 64ಎ: ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪಕ್ಕೆ ಒಳಗಾದ ವ್ಯಸನಿಯು, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಯು ನಡೆಸುವ ಇಲ್ಲವೇ ಮಾನ್ಯತೆ ನೀಡಿರುವ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ವ್ಯಸನಮುಕ್ತಿ ಚಿಕಿತ್ಸೆ ಪಡೆದಲ್ಲಿ, ಸದರಿ ಅಪರಾಧಕ್ಕಾಗಿ ಪ್ರಾಸಿಕ್ಯೂಷನ್‌ಗೆ ಗುರಿಯಾಗುವುದಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ಈ ರಕ್ಷಣೆಯನ್ನು ಹಿಂಪಡೆಯಬಹುದಾಗಿದೆ.

ಕಲಂ 39: ಇಂತಹ ಅಪರಾಧದಲ್ಲಿ ವ್ಯಸನಿಯು ತಪ್ಪಿತಸ್ಥನೆಂದು ತೀರ್ಮಾನವಾದಾಗ, ನ್ಯಾಯಾಲಯವು ಆತನ ವಯಸ್ಸು, ನಡತೆ, ಪೂರ್ವಚರಿತ್ರೆ ಹಾಗೂ ದೈಹಿಕ ಮತ್ತು ಮಾನಸಿಕ ಸ್ಥಿತಿಯನ್ನು ಪರಿಗಣಿಸಿ, ಕೂಡಲೇ ಶಿಕ್ಷೆ ವಿಧಿಸದೆ, ಆತನ ಸಮ್ಮತಿಯೊಂದಿಗೆ ಮುಚ್ಚಳಿಕೆ ಪಡೆದು ಸರ್ಕಾರದ ಅಥವಾ ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಿಡುಗಡೆ ಮಾಡಬಹುದು. ಗರಿಷ್ಠ 1 ವರ್ಷದೊಳಗೆ ಚಿಕಿತ್ಸಾ ವರದಿಯನ್ನು ಸಲ್ಲಿಸತಕ್ಕದ್ದು. ವರದಿಯನ್ನು ಪರಿಶೀಲಿಸಿ, ನ್ಯಾಯಾಲಯವು ಎಚ್ಚರಿಕೆ ನೀಡಿ 3 ವರ್ಷ ಮೀರದ ಅವಧಿಯ ಮುಚ್ಚಳಿಕೆಯ ಮೇಲೆ ಬಿಡುಗಡೆಗೊಳಿಸಬಹುದು.

ಗಮನಿಸಬೇಕಾದ ಅಂಶಗಳು

1. ಈ ಅವಕಾಶಗಳು ಮಧ್ಯಮ ಮತ್ತು ವಾಣಿಜ್ಯ ಪ್ರಮಾಣದ ಪ್ರಕರಣಗಳಿಗೆ ಅನ್ವಯಿಸುವುದಿಲ್ಲ. ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ ಕಲಂ 37ರನ್ವಯ ಜಾಮೀನು ಪಡೆಯುವುದೂ ಕಷ್ಟಸಾಧ್ಯ.
2. ಕಲಂ 39ರ ಬಿಡುಗಡೆಯು ನ್ಯಾಯಾಲಯದ ವಿವೇಚನೆಗೆ ಒಳಪಟ್ಟಿದ್ದು, ಅದನ್ನು ಹಕ್ಕಿನಂತೆ ಕೇಳಲು ಬರುವುದಿಲ್ಲ.
3. ದಾಖಲಾಗುವ ಮುನ್ನ ಕೇಂದ್ರದ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು. ದಾಖಲಾತಿ, ಹಾಜರಾತಿ ಮತ್ತು ಬಿಡುಗಡೆ ಪತ್ರಗಳನ್ನು ಕಾಯ್ದಿರಿಸಿಕೊಂಡು ವಕೀಲರ ಮೂಲಕ ನ್ಯಾಯಾಲಯಕ್ಕೆ ಹಾಜರುಪಡಿಸತಕ್ಕದ್ದು.

ನೆರವು

ವ್ಯಸನಮುಕ್ತಿ ಕುರಿತ ರಾಷ್ಟ್ರೀಯ ಸಹಾಯವಾಣಿ: 14446. ಕಾನೂನು ನೆರವಿನ ಸಹಾಯವಾಣಿ: 15100. ಬಂಧನದಲ್ಲಿರುವ ವ್ಯಕ್ತಿಯು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರನ್ವಯ ಉಚಿತ ವಕೀಲರ ನೆರವಿಗೆ ಅರ್ಹನಾಗಿದ್ದು, ಕುಟುಂಬದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ.