ಬೇಟೆಕಾಡಿನ ಗಡಿ ಹುಡುಕುವುದು ಹೇಗೆ? ಮಣ್ಣಿನ ದಿಬ್ಬ, ಹಂದಿಬೇಟೆ ಕಲ್ಲು ಮತ್ತು ಆತಕೂರು

ಹೊಲಗಳ ನಡುವೆ ಉದ್ದಕ್ಕೆ ಹಳೆಯ ಮಣ್ಣಿನ ದಿಬ್ಬ ಕಂಡರೆ ಕೆಲವರು ಕೋಟೆ ಅಂತಾರೆ, ಕೆಲವರು ರಾಜರ ಬೇಟೆವನದ ಕಟ್ಟೆ ಅಂತಾರೆ. ಹೆಸರಿಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಕಂದಕ ಯಾವ ಬದಿಗಿದೆ?

ಕೋಟೆಯ ಕಂದಕ ಹೊರಗಿರುತ್ತದೆ, ಯಾಕಂದ್ರೆ ತಡೆಯಬೇಕಾದವನು ಹೊರಗಿನಿಂದ ಬರುವವನು. ಇಂಗ್ಲೆಂಡಿನ ಮಧ್ಯಕಾಲೀನ ಜಿಂಕೆವನಗಳಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವು. ಕಂದಕ ಒಳಗೆ, ದಿಬ್ಬ ಹೊರಗೆ, ಅದರ ಮೇಲೆ ಮರದ ಬೇಲಿ. ಒಳಗಿನ ಜಿಂಕೆ ತಗ್ಗಿನಿಂದ ಅಷ್ಟೆತ್ತರ ಹಾರಲಾರದು. ಸಾಲ್ಸ್‌ಬರಿ ಹತ್ತಿರದ ಕ್ಲಾರೆಂಡನ್ ವನದಲ್ಲಿ ಇಂಥ ದಿಬ್ಬ ಇವತ್ತಿಗೂ ಉಳಿದಿದೆ. ಅದು ಇಳಿಜಾರಿನ ಲೆಕ್ಕವಿಲ್ಲದೆ ವನವನ್ನು ಸುತ್ತುವರಿಯುತ್ತದೆ.

ಕೆರೆ ಏರಿಯ ಲಕ್ಷಣವೇ ಬೇರೆ. ಅದು ಇಳಿಜಾರಿಗೆ ಅಡ್ಡಲಾಗಿರುತ್ತದೆ, ಎರಡು ತುದಿಯೂ ಎತ್ತರದ ನೆಲಕ್ಕೆ ಸೇರುತ್ತವೆ, ಸುತ್ತು ಪೂರ್ತಿಯಾಗುವುದಿಲ್ಲ. ನೀರಿನ ಬದಿಗೆ ಕಲ್ಲು ಕಟ್ಟಿರುತ್ತಾರೆ. ತೂಬು, ಕೋಡಿ ಹುಡುಕಿದರೆ ಸಿಗುತ್ತವೆ. ಚಿಗಟೇರಿ ಸುತ್ತಿನಂಥ ಮಳೆ ಕಡಿಮೆಯ ಸೀಮೆಯಲ್ಲಿ ಉದ್ದನೆಯ ದಿಬ್ಬ ಕಂಡಾಗ ಮೊದಲು ಅನುಮಾನಿಸಬೇಕಾದ್ದು ಕೆರೆಯನ್ನೇ.

ಹಾಗಂತ ಸುತ್ತುಗಟ್ಟಿದ ಮೃಗವನ ನಮ್ಮವರಿಗೆ ಗೊತ್ತಿರಲಿಲ್ಲ ಅಂತಲ್ಲ. ಒಂದೇ ಬಾಗಿಲು, ಸುತ್ತ ಕಂದಕ, ಒಳಗೆ ಪಳಗಿದ ಜಿಂಕೆಗಳು, ಉಗುರು-ಹಲ್ಲು ಮುರಿದ ಕ್ರೂರಮೃಗಗಳು ಇರುವ ವಿಹಾರವನವನ್ನು ರಾಜನಿಗಾಗಿ ಮಾಡಿಸಬೇಕು ಅಂತ ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಹಿಂದಿನ ರಾಜರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆ ಹಿಡಿದೆ ಅಂತ ಅಶೋಕ ಎಂಟನೇ ಬಂಡೆ ಶಾಸನದಲ್ಲಿ ಬರೆಸಿದ್ದಾನೆ. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿ ಆ ಶಾಸನದ ಪಾಠವಿದೆ. ಹಂಪಿಯ ಮಹಾನವಮಿ ದಿಬ್ಬದ ಗೋಡೆಯ ಮೇಲೆ ಜಿಂಕೆ ಬೇಟೆಯ ಉಬ್ಬುಶಿಲ್ಪಗಳಿವೆ.

ಆದರೆ ಬೇಟೆ ನಡೆದ ಜಾಗವನ್ನು ಖಚಿತವಾಗಿ ತೋರಿಸುವುದು ಬೇಟೆಗಲ್ಲು. ಇದಕ್ಕೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕಾಲ ಶಕ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗ ಬೂತುಗನ ಆಳು ಮಣಲರತ ಶೌರ್ಯ ತೋರುತ್ತಾನೆ. ಒಡೆಯ ಮೆಚ್ಚಿ ಬೇಡಿಕೋ ಅಂದಾಗ ಅವನು ಕೇಳಿದ್ದು ಊರನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆಮೇಲೆ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು.

ಎಲ್ಲಿ ಅನ್ನೋದನ್ನೂ ಕಲ್ಲು ಹೇಳುತ್ತದೆ: ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ. ಮೊರಡಿ ಅಂದರೆ ಕಲ್ಲುಗುಡ್ಡ, ಇವತ್ತಿನ ಮರಡಿ. ಕಂದಕವಿಲ್ಲ, ಬಾಗಿಲಿಲ್ಲ, ಊರ ಪಕ್ಕದ ಗುಡ್ಡವೇ ಬೇಟೆಯ ನೆಲ. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಆತಕೂರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ಪಾಪ ಅಂತಲೂ ಬರೆಸಿದರು. ಈ ಕಥೆಯಲ್ಲೂ ಮನುಷ್ಯರು ಕಟ್ಟಿದ ಮಣ್ಣಿನ ಕೆಲಸ ಒಂದೇ, ಅದು ಕೆರೆ!

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಜಾಗ ಬದಲಾದರೂ ಸುದ್ದಿ ಕೆಡಲಿಲ್ಲ, ಯಾಕಂದ್ರೆ ಅಕ್ಷರಗಳೇ ಸ್ಥಳ ಹೇಳುತ್ತವೆ. ಅಕ್ಷರವಿಲ್ಲದ ಹಂದಿಬೇಟೆ ಕಲ್ಲಿಗೆ ಈ ಭಾಗ್ಯವಿಲ್ಲ. ಅದರ ಸ್ಥಳವೇ ಅದರ ಶಾಸನ. ರಸ್ತೆ ಅಗಲ ಮಾಡುವಾಗ ಕಿತ್ತು ಗುಡಿಯ ಅಂಗಳಕ್ಕೆ ತಂದು ನಿಲ್ಲಿಸಿದರೆ ಕಲ್ಲು ಉಳಿಯುತ್ತದೆ, ಬೇಟೆಯ ನೆಲ ಕಳೆದುಹೋಗುತ್ತದೆ.

ಆದ್ದರಿಂದ ಕಲ್ಲು ಸಿಕ್ಕಾಗ ಬರೀ ಮುಖದ ಫೋಟೋ ಸಾಲದು. ಅಕ್ಷಾಂಶ-ರೇಖಾಂಶ, ಕಲ್ಲು ಮುಖ ಮಾಡಿರುವ ದಿಕ್ಕು, ಹತ್ತಿರದ ಮರಡಿ, ಹಳ್ಳ, ಕೆರೆ, ಹೊಲದ ಹೆಸರು, ಮೊದಲು ಎಲ್ಲಿತ್ತು ಅಂತ ಊರವರು ಹೇಳುವ ಮಾತು, ಇಷ್ಟನ್ನೂ ಬರೆದಿಡಿ. ತಾಲ್ಲೂಕು, ಜಿಲ್ಲೆ ಬರೆದರೆ ಸಾಕು ಅನ್ನಬೇಡಿ. ಹರಪನಹಳ್ಳಿಯನ್ನೇ ನೋಡಿ: 1953ರವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆ ಇಷ್ಟು ಸಲ ಬದಲಾಯಿತು. ಮರಡಿ ಮಾತ್ರ ಇದ್ದಲ್ಲೇ ಇದೆ. ಅದರ ಬುಡದ ಕಲ್ಲೂ ಇದ್ದಲ್ಲೇ ಇರಲಿ.