ನಿಂತ ನಿಸರ್ಗ, ಚಲಿಸುವ ಬೆಳಕು

ದೀಪದ ಬೆಳಕಿನಿಂದ ಚಿತ್ರವನ್ನು ಗೋಡೆಗೆ ಬಿಡುವ ಮ್ಯಾಜಿಕ್ ಲ್ಯಾಂಟರ್ನ್‌ನ ಗಾಜಿನ ಫಲಕಗಳ ಮೇಲೆ ಮೊದಮೊದಲು ಚಿತ್ರಗಳನ್ನು ಕೈಯಿಂದಲೇ ಬರೆಯುತ್ತಿದ್ದರು. 1850ರಲ್ಲಿ ಫಿಲಡೆಲ್ಫಿಯಾದ ಲ್ಯಾಂಗನ್‌ಹೈಮ್ ಸಹೋದರರು ಗಾಜಿನ ಮೇಲೆ ಫೋಟೋ ಮೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ನಿಜವಾದ ಬೆಟ್ಟ, ನದಿ, ಊರುಗಳು ಗೋಡೆಯಗಲಕ್ಕೆ ಮೂಡತೊಡಗಿದವು. ಆದರೆ ಅವುಗಳಲ್ಲಿ ಏನೂ ಅಲುಗಾಡುತ್ತಿರಲಿಲ್ಲ.

ಚಲನೆ ಬಂದದ್ದು ಎರಡನೆಯ ದೀಪದಿಂದ. ಒಂದು ದೀಪ ಚಳಿಗಾಲದ ದೃಶ್ಯವನ್ನು ಪರದೆಗೆ ಬಿಟ್ಟರೆ, ಇನ್ನೊಂದರೊಳಗೆ ಸೂಜಿಯಿಂದ ತೂತು ಚುಚ್ಚಿದ ಕಪ್ಪು ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿತ್ತು. ಮಸೂರ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಪಟ್ಟಿಯನ್ನು ಮೇಲಕ್ಕೆ ಎಳೆಯಬೇಕು. ಆಗ ಪರದೆಯ ಮೇಲೆ ಹಿಮ ಕೆಳಗೆ ಬೀಳುತ್ತದೆ. ಈ ಕಲೆಯ ಗುಟ್ಟೆಲ್ಲ ಆ ಬಟ್ಟೆಯ ಕಪ್ಪಿನಲ್ಲಿದೆ. ಕಪ್ಪಿನ ಮೂಲಕ ಬೆಳಕು ಹಾಯುವುದಿಲ್ಲವಾದ್ದರಿಂದ ಹಿಂದಿನ ದೃಶ್ಯ ಕೆಡದೆ ಉಳಿಯುತ್ತದೆ.

ಇದೇ ತತ್ತ್ವವನ್ನು ಪೂರ್ಣ ಪ್ರಮಾಣದ ರಂಗಕಲೆಯಾಗಿ ಬೆಳೆಸಿದವನು ಫ್ರಾನ್ಸಿನ ಎಮಿಲ್ ರೆನೋ. 1888ರಲ್ಲಿ ಪೇಟೆಂಟ್ ಪಡೆದ ಅವನ 'ಥಿಯೇಟರ್ ಆಪ್ಟಿಕ್' 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಗ್ರೆವಾಂ ಮ್ಯೂಸಿಯಂನಲ್ಲಿ ಪ್ರದರ್ಶನ ಆರಂಭಿಸಿತು. ಲ್ಯೂಮಿಯೇರ್ ಸಹೋದರರು ದುಡ್ಡು ಪಡೆದು ಸಿನಿಮಾ ತೋರಿಸಲು ಇನ್ನೂ ಮೂರು ವರ್ಷ ಬಾಕಿಯಿತ್ತು. ರೆನೋ ಜೆಲಟಿನ್ ತುಣುಕುಗಳ ಮೇಲೆ ಪಾತ್ರಗಳನ್ನು ಒಂದೊಂದಾಗಿ ಬರೆದು, ಸುತ್ತಲಿನ ಜಾಗಕ್ಕೆ ದಟ್ಟ ಕಪ್ಪು ಬಳಿಯುತ್ತಿದ್ದ. ಹಿನ್ನೆಲೆಗೆ ಬೇರೆಯೇ ದೀಪ. ಅವನ 'ಪೋವ್ರ್ ಪಿಯೆರೋ' ಎಂಬ ಆಟದಲ್ಲಿ ಇಂಥ 500 ಚಿತ್ರಗಳಿದ್ದವು. ಪಟ್ಟಿಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಅಷ್ಟರಲ್ಲೇ ಅವನು ಹನ್ನೆರಡು–ಹದಿನೈದು ನಿಮಿಷದ ಆಟ ಆಡಿಸುತ್ತಿದ್ದ. 1894ರ ಇನ್ನೊಂದು ಕೃತಿಯ ಹಿನ್ನೆಲೆ ಕಡಲತೀರ ಮತ್ತು ಸ್ನಾನದ ಗುಡಿಸಲು. ಆಟ ಮುಗಿಯಿತೆಂಬ ಒಕ್ಕಣೆ ಕೊನೆಗೆ ದೋಣಿಯ ಹಾಯಿಯ ಮೇಲೆಯೇ ಬರುತ್ತದೆ. ಈ ಹಿನ್ನೆಲೆಗಳು ಫೋಟೋಗಳಲ್ಲ, ಬಣ್ಣದ ಚಿತ್ರಗಳು ಎಂಬುದು ನಿಜ. ರೆನೋ ಫೋಟೋಗ್ರಫಿಗೆ ಕೈ ಹಾಕಿದ್ದು 1896ರ ಹೊತ್ತಿಗೆ, ಅದೂ ಪಾತ್ರಗಳಿಗಾಗಿ. ಅಷ್ಟರಲ್ಲಿ ಸಿನಿಮಾ ಬಂದಾಗಿತ್ತು. 1900ರಲ್ಲಿ ಪ್ರದರ್ಶನ ನಿಂತಿತು. ಹತಾಶನಾದ ರೆನೋ ತನ್ನ ಪಟ್ಟಿಗಳಲ್ಲಿ ಹೆಚ್ಚಿನವನ್ನು ಸೀನ್ ನದಿಗೆ ಎಸೆದ.

ಭೂದೃಶ್ಯದ ಫೋಟೋವನ್ನೇ ದೈತ್ಯಾಕಾರಕ್ಕೆ ಹಿಗ್ಗಿಸುವ ಕೆಲಸ ಬೇರೆ ದಾರಿ ಹಿಡಿಯಿತು. ಲ್ಯೂಮಿಯೇರರ 'ಫೋಟೋರಾಮಾ' ತಿರುಗುವ ಮಸೂರಗಳಿಂದ ಪ್ರೇಕ್ಷಕರ ಸುತ್ತಲೂ 360 ಡಿಗ್ರಿ ದೃಶ್ಯ ಮೂಡಿಸಿತಾದರೂ ಹೆಚ್ಚು ಕಾಲ ಬಾಳಲಿಲ್ಲ. ಮುಂದೆ ಸಿನಿಮಾ ಆ ಕೆಲಸವನ್ನು ಕೈಗೆತ್ತಿಕೊಂಡಿತು. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದ ವಾನರ ಮಾನವರ ಭಾಗವನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲೇ ಚಿತ್ರೀಕರಿಸಲಾಯಿತು. ನೈಋತ್ಯ ಆಫ್ರಿಕಾದಲ್ಲಿ ತೆಗೆದ 8×10 ಇಂಚಿನ ಪಾರದರ್ಶಿಕೆಗಳನ್ನು ಅಲ್ಲಿ ಭಾರೀ ಪರದೆಯ ಮೇಲೆ ಮುಂದಿನಿಂದ ಬಿಡಲಾಗಿತ್ತು.

ಇಂದಿನ ಗ್ಯಾಲರಿಗಳಲ್ಲಿ ಭೂದೃಶ್ಯಕ್ಕೆ ದೀಪವೇ ಬೇಡ. ದೊಡ್ಡ ಮುದ್ರಿತ ಫೋಟೋ ಗೋಡೆಯ ಮೇಲಿರುತ್ತದೆ, ಡಿಜಿಟಲ್ ಪ್ರೊಜೆಕ್ಟರ್ ಅದರ ಮೇಲೆ ಆನಿಮೇಷನ್ ಹಾಯಿಸುತ್ತದೆ. ಆನಿಮೇಷನ್‌ನಲ್ಲಿ ಪಾತ್ರಗಳ ಸುತ್ತ ಕಪ್ಪು ಬಳಿಯುವ ಕ್ರಮ ಮಾತ್ರ ಬದಲಾಗಿಲ್ಲ. ಪ್ರೊಜೆಕ್ಟರ್ ಬೆಳಕನ್ನು ಕೂಡಿಸಬಲ್ಲದೇ ಹೊರತು ಕಳೆಯಲಾರದು. ಆದ್ದರಿಂದ ಫೋಟೋದ ಬಿಳಿ ಆಕಾಶದಲ್ಲಿ ಹಕ್ಕಿ ಹಾರಿಸುವುದು ಕಷ್ಟ, ಕಾಡಿನ ನೆರಳಿನಲ್ಲಿ ಸುಲಭ. ಮುದ್ರಣಕ್ಕೆ ಹೊಳಪಿಲ್ಲದ ಕಾಗದವನ್ನೇ ಆರಿಸುತ್ತಾರೆ. ಹೊಳಪಿದ್ದರೆ ಪ್ರೊಜೆಕ್ಟರಿನ ದೀಪವೇ ಚಿತ್ರದೊಳಗೆ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ.