ವಸ್‌ವಾಸ್: ಬಲ್ಖ್‌ನಿಂದ ಮಣಿಪಾಲದವರೆಗೆ

ಫಿಕ್ಹ್ ಗ್ರಂಥಗಳಲ್ಲಿ ಶುದ್ಧಿಯ ಅಧ್ಯಾಯ ಓದುವಾಗ ವಸ್‌ವಾಸಿನ ಮಾತು ಬಂದೇ ಬರುತ್ತದೆ. ವುಝೂ ಮುಗಿಸಿದವನು ಮತ್ತೆ ಮತ್ತೆ ಕೈ ತೊಳೆಯುವುದು, ನಿಯ್ಯತ್ ಸರಿಯಾಗಲಿಲ್ಲವೆಂದು ತಕ್ಬೀರನ್ನು ಹತ್ತು ಸಲ ಹೇಳುವುದು, ನಜಸಿನ ಭಯದಿಂದ ಗಂಟೆಗಟ್ಟಲೆ ಸ್ನಾನದ ಕೋಣೆಯಲ್ಲಿ ನಿಲ್ಲುವುದು, ಇವೆಲ್ಲ ಹಳೆಯ ಸಂಗತಿಗಳು. ವೈದ್ಯರು ಈಗ ಇದನ್ನು ಒ.ಸಿ.ಡಿ. ಎನ್ನುತ್ತಾರೆ, ಕನ್ನಡದಲ್ಲಿ ಗೀಳು ಕಾಯಿಲೆ. ನಮ್ಮ ಮನೆಗಳಲ್ಲಿ ಮಾತ್ರ ಇದಕ್ಕೆ ಬೇರೆ ಹೆಸರುಗಳು. ಮಕ್ಕಳು ಚಿಕ್ಕವರಿರುವಾಗ 'ತಖ್ವಾ ಜಾಸ್ತಿ', ಮದುವೆಯ ವಯಸ್ಸಿಗೆ ಬಂದಾಗ 'ಶೈತಾನನ ಉಪದ್ರ'. ಎರಡು ಹೆಸರೂ ರೋಗಿಯನ್ನು ವೈದ್ಯರಿಂದ ದೂರವೇ ಇಡುತ್ತವೆ.

ನಮ್ಮ ಪೂರ್ವಿಕ ಉಲಮಾಗಳು ಇದನ್ನು ತಖ್ವಾ ಎಂದು ಎಂದೂ ಒಪ್ಪಲಿಲ್ಲ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಅದೆಂದರೆ ಒಂದು ಬೊಗಸೆ ತುಂಬ ನೀರು. ವುಝೂ ಮುರಿಯಿತೇ ಎಂಬ ಬರೀ ಸಂಶಯಕ್ಕೆ ನಮಾಝ್ ಬಿಡಬಾರದೆಂಬ ಆದೇಶವೂ ಅಲ್ಲೇ ಇದೆ. ಅಂದರೆ ಸಂಶಯಕ್ಕೊಂದು ಗಡಿ ಹಾಕಿದ್ದು ಶರೀಅತ್ತೇ. ಹಿಜರಿ ಐದನೇ ಶತಮಾನದ ಶಾಫಿಈ ವಿದ್ವಾಂಸ ಅಬೂ ಮುಹಮ್ಮದ್ ಅಲ್ ಜುವೈನಿ ವಸ್‌ವಾಸಿನ ಬಗ್ಗೆಯೇ ಪುಸ್ತಕ ಬರೆದರು. ಹಂಬಲಿ ಇಮಾಮ್ ಇಬ್ನ್ ಖುದಾಮಾ (ಮರಣ 1223) ಕೂಡ ವಸ್‌ವಾಸಿಗಳನ್ನು ಖಂಡಿಸಿ ಬರೆದರು. ಆ ಬರಹದ ಧ್ವನಿ ಸ್ವಲ್ಪ ಕಟುವೆಂದೇ ನಮಗೆ ಅನಿಸುತ್ತದೆ. ನರಳುವವನಿಗೆ ಬೈದರೆ ನರಳಾಟ ನಿಲ್ಲುವುದಿಲ್ಲ.

ಇಬ್ನ್ ಹಜರ್ ಅಲ್ ಹೈತಮಿ (ಮರಣ 1567) ಅವರ ದಾರಿ ಬೇರೆ. ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಓದಿಸುವ ಫತ್‌ಹುಲ್ ಮುಈನ್ ಬರೆದ ಮಲಬಾರಿನ ಝೈನುದ್ದೀನ್ ಮಖ್ದೂಮರಿಗೆ ಇವರು ಗುರುಗಳು. ವಸ್‌ವಾಸಿಗೆ ಔಷಧವೇನೆಂದು ಕೇಳಿದವರಿಗೆ ಅವರು ಕೊಟ್ಟ ಉತ್ತರದ ತಿರುಳು ಇಷ್ಟು: ಮನಸ್ಸು ಎಷ್ಟೇ ತಳಮಳಿಸಲಿ, ಅದರ ಮಾತಿಗೆ ಕಿವಿಗೊಡಬೇಡಿ, ಕಿವಿಗೊಟ್ಟಷ್ಟೂ ಅದು ಬೆಳೆಯುತ್ತದೆ, ಬಿಟ್ಟುಬಿಟ್ಟರೆ ಕರಗುತ್ತದೆ.

ಇವರೆಲ್ಲರಿಗಿಂತ ಹಿಂದಿನವರು ಅಬೂ ಝೈದ್ ಅಲ್ ಬಲ್ಖಿ. ಸುಮಾರು 850ರಲ್ಲಿ ಬಲ್ಖ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿ, ಬಗ್ದಾದಿನಲ್ಲಿ ಅಲ್ ಕಿಂದಿಯ ಬಳಿ ಕಲಿತು, 934ರಲ್ಲಿ ತೀರಿಕೊಂಡರು. ಅವರ ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಗ್ರಂಥದ ಮೊದಲ ಭಾಗ ದೇಹದ್ದು, ಎರಡನೆಯದು ಮನಸ್ಸಿನದು. ಮನಸ್ಸಿನ ಭಾಗದ ಕೊನೆಯ ಅಧ್ಯಾಯ ಪೂರ್ತಿ ವಸ್‌ವಾಸಿಗೇ ಮೀಸಲು. ದೇಹ ಕೆಟ್ಟರೆ ಮನಸ್ಸು, ಮನಸ್ಸು ಕೆಟ್ಟರೆ ದೇಹ ಕೆಡುತ್ತದೆ, ಆದ್ದರಿಂದ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕೆಂಬುದು ಅವರ ನಿಲುವು. ಇಂಥ ರೋಗಿ ಒಂಟಿಯಾಗಿ ಕೂರಬಾರದು, ಜನರೊಂದಿಗೆ ಬೆರೆಯಬೇಕು, ಕೆಲಸದಲ್ಲಿ ತೊಡಗಬೇಕು, ಬರುವ ಯೋಚನೆಗೆ ಎದುರು ಯೋಚನೆ ಸಿದ್ಧವಿಟ್ಟುಕೊಳ್ಳಬೇಕು ಎಂದರು. ಈ ಗ್ರಂಥದ ಹಸ್ತಪ್ರತಿ ಇಸ್ತಾಂಬುಲಿನ ಅಯಾಸೋಫಿಯಾ ಸಂಗ್ರಹದಲ್ಲಿತ್ತು. 2015ರಲ್ಲಿ ಅಮೆರಿಕದ ರಾನಿಯಾ ಅವಾದ್ ಮತ್ತು ಸಾರಾ ಅಲಿ ಆ ಅಧ್ಯಾಯವನ್ನು ಇಂದಿನ ಒ.ಸಿ.ಡಿ. ಲಕ್ಷಣಗಳ ಪಕ್ಕದಲ್ಲಿಟ್ಟು ಲೇಖನ ಬರೆದಾಗ ಮನೋವೈದ್ಯರ ಗಮನ ಅತ್ತ ಹೋಯಿತು.

ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರೆಂದು ಎದೆ ತಟ್ಟಲು ಇದನ್ನು ಬರೆಯುತ್ತಿಲ್ಲ. ಕಿವಿಗೊಡಬೇಡ ಎಂದು ಹೇಳುವುದು ಸುಲಭ, ರೋಗಿಗೆ ಅದೇ ಆಗದ ಕೆಲಸ. ಅದನ್ನು ಮಾಡಿಸುವ ವಿಧಾನ ಬಂದದ್ದು 1966ರಲ್ಲಿ. ಲಂಡನ್ನಿನ ವಿಕ್ಟರ್ ಮೇಯರ್, ತೊಳೆಯುವ ಗೀಳಿದ್ದ ಮಹಿಳೆಯೊಬ್ಬರನ್ನು ಆಸ್ಪತ್ರೆಯಲ್ಲಿಟ್ಟು, ನಲ್ಲಿ ನೀರು ನಿಲ್ಲಿಸಿ, ದಾದಿಯರನ್ನು ಜೊತೆಗಿರಿಸಿ, ತೊಳೆಯದೆಯೂ ಭಯ ತಾನಾಗಿ ಇಳಿಯುತ್ತದೆಂದು ಅವರಿಗೆ ತೋರಿಸಿಕೊಟ್ಟರು. ಅದೇ ದಶಕದ ಕೊನೆಗೆ ಕ್ಲೋಮಿಪ್ರಮಿನ್ ಮಾತ್ರೆ ಈ ರೋಗಕ್ಕೆ ಉಪಯೋಗವೆಂದು ತಿಳಿಯಿತು. ಅನಂತರ ಫ್ಲುಯೊಕ್ಸೆಟಿನ್‌ನಂಥವು ಬಂದವು. ಇವು ಫಲ ಕೊಡಲು ಎರಡು ಮೂರು ತಿಂಗಳು ಹಿಡಿಯಬಹುದು. ಹದಿನೈದು ದಿನಕ್ಕೆ ಗುಣವಾಗಲಿಲ್ಲವೆಂದು ಮಾತ್ರೆ ಬಿಡಿಸುವ ಮನೆಯವರು ಇದನ್ನು ತಿಳಿದಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೇ ಪ್ರತ್ಯೇಕ ಕ್ಲಿನಿಕ್ ಇದೆ, ಔಷಧದ ಜೊತೆಗೆ ಯೋಗಾಭ್ಯಾಸದ ಪ್ರಯೋಗಗಳೂ ನಡೆದಿವೆ.

ನಮ್ಮ ಜಿಲ್ಲೆಯವರು ಅಷ್ಟು ದೂರ ಹೋಗಬೇಕೆಂದಿಲ್ಲ. ಮಣಿಪಾಲದಲ್ಲಿ 1953ರಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇದೆ. ಉಡುಪಿ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಮನೋರೋಗ ಚಿಕಿತ್ಸೆಗೇ ಹೆಸರಾದದ್ದು. ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜೂ ಇದೆ. ಅಲ್ಲಿಯ ಔಷಧವನ್ನೂ ಜೊತೆಗೆ ತೆಗೆದುಕೊಳ್ಳುವವರು ಎರಡು ಕಡೆಯ ಚೀಟಿಯನ್ನೂ ಇಬ್ಬರು ವೈದ್ಯರಿಗೂ ತೋರಿಸಬೇಕು.

ಇನ್ನು ನಮ್ಮಂಥ ಇಮಾಮರ ಪಾಲು. ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ, ಒಬ್ಬನೇ ಯುವಕ ಒಂದೇ ಮಸ್‌ಅಲವನ್ನು ವಾರಕ್ಕೆ ಐದು ಸಲ ಕೇಳಲು ಬಂದರೆ ಅದು ಇಲ್ಮಿನ ಆಸೆಯಲ್ಲ. ಉತ್ತರ ಸಿಕ್ಕಾಗ ಒಂದು ಗಳಿಗೆ ಸಮಾಧಾನ, ಮತ್ತೆ ಅದೇ ಸಂಶಯ. ಕೈ ತೊಳೆಯುವಂತೆ ಕೇಳುವುದೂ ಒಂದು ಗೀಳಾಗಿರುತ್ತದೆ. ಮನೆಯಲ್ಲಿ 'ಉಮ್ಮಾ, ಇದು ಪಾಕ್ ಅಲ್ವಾ?' ಎಂದು ಕೇಳುವುದೂ ಹಾಗೆಯೇ. ಅಂಥವರಿಗೆ ಉತ್ತರ ಒಂದೇ ಸಲ, ಬರೆದುಕೊಟ್ಟು ನಿಲ್ಲಿಸಬೇಕು: ವುಝೂವಿನಲ್ಲಿ ಒಂದು ಸಲ ತೊಳೆಯುವುದು ಫರ್ಝ್, ಮೂರು ಸಲ ಸುನ್ನತ್, ಅದಕ್ಕಿಂತ ಹೆಚ್ಚು ಕರಾಹತ್. ಆ ಚೀಟಿ ವೈದ್ಯರ ಕೈಗೂ ಹೋಗಲಿ. ತೊಳೆಯದೆ ಕೂರಿಸುವ ಚಿಕಿತ್ಸೆಯಿಂದ ದೀನ್ ಹಾಳಾದೀತೆಂದು ಹೆದರುವ ತಂದೆ ತಾಯಿಗೆ, ವೈದ್ಯರು ಹೇಳುವ ಮಿತಿ ಶಾಫಿಈ ಮದ್ಸಬಿನ ಮಿತಿಯೊಳಗೇ ಇದೆಯೆಂದು ತಿಳಿಸಿ ಹೇಳುವುದು ನಮ್ಮ ಕೆಲಸ. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.